ಬಾಡಿಗೆ ಗೋಡೆಯ ಕಿಟಕಿ

ಮನೆ ಬಿಡುವುದಕ್ಕೆ ಇನ್ನೂ ಹದಿನೆಂಟು ದಿನ ಇರುವಾಗಲೇ ಬಡಗಿ ಗೋಡೆಯ ಮೊಳೆಗಳನ್ನು ಕೀಳಲು ಶುರುಮಾಡಿದ. ಒಂದೊಂದು ಮೊಳೆ ಕಿತ್ತಾಗಲೂ ಆ ತೂತಿಗೆ ಸುಣ್ಣದ ಗಾರೆ ತುಂಬುವುದು, ಅದು ಒಣಗುವವರೆಗೆ ಕಾಯುವುದು, ಮರ ಉಜ್ಜುವ ಕಾಗದದಿಂದ ನಯವಾಗಿ ಉಜ್ಜುವುದು, ಮೇಲೆ ಎರಡು ಸಲ ಸುಣ್ಣ ಬಳಿಯುವುದು, ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ಕತ್ತು ಓರೆ ಮಾಡಿ ನೋಡುವುದು. ಇದನ್ನೆಲ್ಲ ನೋಡಿ ಅವನ ಹೆಂಡತಿಗೆ ಅರ್ಧ ನಗು, ಅರ್ಧ ತಲೆಬಿಸಿ. ಲೋಕದಲ್ಲಿ ಯಾರೂ ಬಾಡಿಗೆ ಮನೆ ಬಿಟ್ಟೇ ಇಲ್ಲವೇ? ಗಾಡಿ ಕರೆಸುತ್ತಾರೆ, ಸಾಮಾನು ತುಂಬುತ್ತಾರೆ, ಬೀಗದ ಕೈ ಕೊಟ್ಟು ಹೊರಟುಹೋಗುತ್ತಾರೆ. ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆಯ ತೂತಿಗೆ ಮೂರು ದಿನ ಮದ್ದು ಮಾಡುವವನು ಇವನೊಬ್ಬನೇ ಇರಬೇಕು ಎಂದು ಅವಳು ಮಗಳಿಗೆ ಫೋನಿನಲ್ಲಿ ಹೇಳಿಕೊಂಡಳು.

ಮಗಳು ತನ್ನ ಮನೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಹುಡುಕಿಟ್ಟಿದ್ದಳು. ಹುಡುಕುವಂತೆ ಹೇಳಿದವರು ಇವರೇ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಡಗಿಯ ಬಲಗೈ ಹೇಳಿದ ಮಾತು ಕೇಳುವುದನ್ನು ಬಿಟ್ಟಿತ್ತು. ಕಾಲು ಸರಿಹೋಯಿತು, ನಾಲಿಗೆ ಸರಿಹೋಯಿತು, ಕೈ ಮಾತ್ರ ಉಳಿ ಹಿಡಿಯುವಷ್ಟು ಆಗಲಿಲ್ಲ. ಮರಗೆಲಸದ ಅಂಗಡಿ ಮುಚ್ಚಿದ. ಅವಳ ಹೊಲಿಗೆ ಮೆಷಿನ್ ಒಂದೇ ಓಡುತ್ತಿತ್ತು. ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ, ಹೀಗೆ ಸಿಕ್ಕಿದ್ದನ್ನು ಹೊಲಿಯುತ್ತಿದ್ದಳು. ಬೀದಿಯವರು ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರು ಹಿಡಿದು ಎಷ್ಟು ಕಾಲವಾಗಿತ್ತೆಂದರೆ, ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ನಿಜವಾದ ಹೆಸರು ಕೂಗಿದಾಗ ಅವಳು ಒಮ್ಮೆ ಅತ್ತಿತ್ತ ನೋಡಿದ್ದಳು.

ಬಡಗಿಯ ಈ ಶಿಸ್ತಿಗೆಲ್ಲ ಒಂದು ಕಾರಣವಿತ್ತು. ಮನೆಯ ಯಜಮಾನರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಹಿಡಿದು ನೋಡುವುದು, ಸುಳ್ಳು ತೂಕದ ಕಲ್ಲಿಗೆ ದಂಡ ಹಾಕುವುದು ಅವರ ಕೆಲಸ. ನಿವೃತ್ತಿಯಾಗಿ ಹದಿನೈದು ವರ್ಷವಾದರೂ ಆ ಕಣ್ಣು ನಿವೃತ್ತಿಯಾಗಿರಲಿಲ್ಲ. ಗಂಡಹೆಂಡಿರು ಅವರನ್ನು ತಮ್ಮೊಳಗೆ ತಕ್ಕಡಿ ಎಂದು ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದ ಹಿಂದೆ ಮನೆ ಕೊಡುವಾಗ ತಕ್ಕಡಿಯವರು ಒಂದು ಹಾಳೆ ಬರೆದು ಓದಿ ಹೇಳಿದ್ದರು. ಬಾಗಿಲು ಐದು, ಹಜಾರದ ಕಿಟಕಿ ಎರಡು, ಕೋಣೆಯ ಕಿಟಕಿ ಒಂದು, ಬಚ್ಚಲಿನ ಬಾಗಿಲಿನ ಕೆಳಭಾಗ ಕೊಳೆತಿದೆ, ಅಡುಗೆಮನೆಯಲ್ಲಿ ಗೂಡು ಎರಡು, ಕಿಟಕಿ ಇಲ್ಲ. ಕೊನೆಯ ಸಾಲು ಹೀಗಿತ್ತು: ಪಡೆದ ಹಾಗೆಯೇ ಹಿಂತಿರುಗಿಸತಕ್ಕದ್ದು. ಬಡಗಿ ಅದರ ಕೆಳಗೆ ರುಜು ಹಾಕಿದ್ದ. ಅವನ ಮಟ್ಟಿಗೆ ರುಜು ಎಂದರೆ ರುಜು.

ಆದರೆ ಅಡುಗೆಮನೆಯಲ್ಲಿ ಈಗ ಒಂದು ಕಿಟಕಿ ಇತ್ತು.

ಅದನ್ನು ಬಡಗಿಯೇ ಇಟ್ಟಿದ್ದ, ಮನೆಗೆ ಬಂದ ಮೊದಲ ವರ್ಷ. ಯಜಮಾನರನ್ನು ಒಂದು ಮಾತೂ ಕೇಳಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಖಾಲಿ ಸೈಟಿನ ಮುಳ್ಳುಪೊದೆಯೊಳಗೆ ನುಗ್ಗಿ, ಹೊರಗಿನಿಂದ ಗೋಡೆ ಒಡೆದು, ಮೇಲೆ ತೇಗದ ತೊಲೆ ಕೊಟ್ಟು, ಸಂಜೆಯ ಹೊತ್ತಿಗೆ ಚೌಕಟ್ಟು ಕೂರಿಸಿ ಎರಡು ಪುಟ್ಟ ಕದ ಹಾಕಿದ್ದ. ಯಾಕೆ ಎಂದು ಅವಳು ಕೇಳಿದ್ದಕ್ಕೆ, ಸ್ಟೋವಿನ ಹೊಗೆಗೆ ಗೋಡೆ ಕಪ್ಪಾಗುತ್ತೆ, ತಕ್ಕಡಿ ಬೈತಾರೆ ಎಂದಿದ್ದ. ಅಷ್ಟೇ. ಆ ಮಾತನ್ನು ಅವಳು ಮರೆತಿರಲಿಲ್ಲ. ಯಜಮಾನರ ಗೋಡೆಗೆ ಮಸಿ ಹಿಡಿಯದಿರಲಿ ಎಂದು ಯಜಮಾನರ ಗೋಡೆಯನ್ನೇ ಒಡೆದ ಮಹಾರಾಯ ನಿಮ್ಮಪ್ಪ ಎಂದು ಮಗಳಿಗೆ ಎಷ್ಟು ಸಲ ಹೇಳಿ ನಗಿಸಿದ್ದಳೋ. ನಗುವಿನ ಅಡಿಯಲ್ಲಿ ಸ್ವಲ್ಪ ಕಹಿಯೂ ಇತ್ತು. ಏಕೆಂದರೆ ಆ ಭಾನುವಾರಕ್ಕೆ ಎರಡು ತಿಂಗಳ ಹಿಂದೆ ಅವಳ ಮೊದಲ ಬಸಿರು ಏಳನೇ ತಿಂಗಳಲ್ಲಿ ಹೋಗಿತ್ತು. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದವಳಿಗೆ ಗಂಡ ಒಂದು ಮಾತು ಸಮಾಧಾನ ಹೇಳಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ಬರುತ್ತಿದ್ದ, ಹಾಕಿದ್ದನ್ನು ಉಣ್ಣುತ್ತಿದ್ದ. ಹೆಂಡತಿಯ ಮುಖ ನೋಡದವನು ಗೋಡೆಯ ಮುಖ ನೋಡಿದ್ದನಲ್ಲ ಎಂದು ಅವಳಿಗೆ ಆಗ ಅನ್ನಿಸಿತ್ತು.

ಆದರೂ ಕಿಟಕಿ ಕಿಟಕಿಯೇ. ಬೆಳಕು ಬಂತು, ಗಾಳಿ ಬಂತು. ಅವಳು ಹೊಲಿಗೆ ಮೆಷಿನ್ ಕಲಿತದ್ದು ಅದರ ಕೆಳಗೆ ಕೂತು. ಸೂಜಿಗೆ ದಾರ ಪೋಣಿಸಲು ಮನೆಯಲ್ಲಿ ಬೇರೆಲ್ಲೂ ಅಷ್ಟು ಬೆಳಕಿರಲಿಲ್ಲ. ಆಮೇಲೆ ಹುಟ್ಟಿದ ಮಗಳಿಗೆ ಅಕ್ಷರ ತಿದ್ದಿಸಿದ್ದೂ, ಅದೇ ಮಗಳು ದೊಡ್ಡವಳಾಗಿ ಯಾರನ್ನು ಮದುವೆಯಾಗುತ್ತೇನೆಂದು ಬಾಯಿ ಬಿಟ್ಟದ್ದೂ ಅಲ್ಲೇ. ತಕ್ಕಡಿಯವರು ವರ್ಷಕ್ಕೊಮ್ಮೆ ಬರುತ್ತಿದ್ದರು. ಹಜಾರದಲ್ಲಿ ಕುರ್ಚಿಯ ತುದಿಯಲ್ಲಿ ಕೂತು, ಮೇಲಿನ ಜಂತಿಯನ್ನೊಮ್ಮೆ ನೋಡಿ, ಟೀ ಕುಡಿದು ಹೋಗುತ್ತಿದ್ದರು. ಹೆಂಗಸರು ಓಡಾಡುವ ಕಡೆ ಕಾಲಿಡುವ ಪೈಕಿ ಅವರಲ್ಲ. ಆ ದಿನ ಅಡುಗೆಮನೆಯ ಬಾಗಿಲು ಮುಚ್ಚಿರುತ್ತಿತ್ತು. ಟೀ ಲೋಟ ಹಿಡಿದು ಬರುವಾಗ ಅವಳು ಬಾಗಿಲನ್ನು ಸೊಂಟದಿಂದ ತಳ್ಳಿ ಮುಚ್ಚಿಕೊಳ್ಳುತ್ತಿದ್ದಳು. ಬಡಗಿ ಅವರೆದುರು ಉಗುಳು ನುಂಗುತ್ತಾ ಕೂತಿರುತ್ತಿದ್ದ. ಅವರು ಹೋದ ಮೇಲೆ ಆ ದಿನವಿಡೀ ಅವನು ಯಾರೊಡನೆಯೂ ಮಾತಾಡುತ್ತಿರಲಿಲ್ಲ.

ಬಚ್ಚಲಿನ ಪಕ್ಕದಲ್ಲಿ ನೀರಿನ ಪೀಪಾಯಿ ಇಡುವುದಕ್ಕೆ ಒಂದು ಇಟ್ಟಿಗೆಯ ಕಟ್ಟೆ ಇತ್ತು. ಮನೆ ಬಿಡುವುದಕ್ಕೆ ಎಂಟು ದಿನ ಉಳಿದಾಗ ಬಡಗಿ ಪೀಪಾಯಿ ಖಾಲಿ ಮಾಡಿ ಪಕ್ಕಕ್ಕೆ ಉರುಳಿಸಿ, ಕಟ್ಟೆಯ ಇಟ್ಟಿಗೆಗಳನ್ನು ಒಂದೊಂದಾಗಿ ಎಬ್ಬಿಸಿ ತೆಂಗಿನ ನಾರಿನಿಂದ ಪಾಚಿ ಉಜ್ಜುತ್ತಾ ಕೂತ. ಅವಳು ಬಟ್ಟೆ ಒಣಹಾಕಲು ಬಂದವಳು ಸುಮ್ಮನೆ ಒಂದು ಇಟ್ಟಿಗೆ ಎತ್ತಿ ನೋಡಿದಳು. ಅದರ ಒಂದು ಮಗ್ಗುಲಲ್ಲಿ ಉಳಿಯ ತುದಿಯಿಂದ ಏಳು ಎಂದು ಗೀರಿತ್ತು. ಇನ್ನೊಂದರಲ್ಲಿ ಇಪ್ಪತ್ತೆರಡು. ಮತ್ತೊಂದರಲ್ಲಿ ನಲವತ್ತು. ಕಟ್ಟೆ ಎಂದು ಅವಳು ಇಷ್ಟು ವರ್ಷ ಯಾವುದರ ಮೇಲೆ ನೀರು ತುಂಬಿಡುತ್ತಿದ್ದಳೋ ಅದು ಕಿಟಕಿಗಾಗಿ ಒಡೆದ ಅಡುಗೆಮನೆಯ ಗೋಡೆಯಾಗಿತ್ತು. ಮರದ ಹಲಗೆ ಬಿಚ್ಚುವ ಮುಂಚೆ ಗುರುತು ಹಾಕಿಟ್ಟುಕೊಳ್ಳುವ ಅಭ್ಯಾಸದಲ್ಲಿ ಬಡಗಿ ಇಟ್ಟಿಗೆಗಳಿಗೂ ನಂಬರು ಹಾಕಿ ಇಟ್ಟಿದ್ದ.

ಅವಳಿಗೆ ಮೊದಲು ನಗು ಬಂತು, ಆಮೇಲೆ ಎದೆ ಧಸಕ್ಕೆಂದಿತು. ಕಿಟಕಿ ಮುಚ್ಚುತ್ತೀರಾ ಎಂದು ಕೇಳಿದಳು.

"ಮುಚ್ಚದೆ? ಅವರು ಕೊಟ್ಟಾಗ ಇರಲಿಲ್ಲ."

"ಅಂದ್ರೆ ಒಡೆದ ದಿನವೇ ಮುಚ್ಚೋ ಲೆಕ್ಕ ಹಾಕಿದ್ರಿ."

"ಕೇಳದೆ ತಗೊಂಡಿದ್ದು. ವಾಪಸ್ ಕೊಡಬೇಕಲ್ಲ."

ಅವಳು ಕೈಯಲ್ಲಿದ್ದ ಇಟ್ಟಿಗೆಯನ್ನು ಕೆಳಗಿಟ್ಟಳು. ಇಪ್ಪತ್ತಾರು ವರ್ಷ ಅವಳು ಆ ಬೆಳಕಿನಲ್ಲಿ ಬದುಕಿದ್ದಳು. ಇವನು ಅದನ್ನು ಕಡ ತಂದ ಪಾತ್ರೆಯಂತೆ, ಹಿಂತಿರುಗಿಸುವ ದಿನ ಎಣಿಸುತ್ತಾ ಇಟ್ಟುಕೊಂಡಿದ್ದ. ಮನೆ ಬಿಡುವುದು ಅವಳಿಗೂ ಒಪ್ಪಿಗೆಯೇ. ಆದರೆ ಮನೆ ಬಿಟ್ಟ ಮೇಲೂ ಆ ಗೋಡೆಯಲ್ಲಿ ತನ್ನ ಕಿಟಕಿ ಇರುತ್ತದೆ, ಬೇರೆ ಯಾರೋ ಒಬ್ಬಳು ಅಲ್ಲಿ ನಿಂತು ಸೂಜಿಗೆ ದಾರ ಪೋಣಿಸುತ್ತಾಳೆ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಅಷ್ಟು ಉಳಿದರೆ ಸಾಕಾಗಿತ್ತು. ಅದೂ ಇಲ್ಲ ಎಂದ ಮೇಲೆ ಆ ಮನೆಯಲ್ಲಿ ಅವಳು ಇದ್ದದ್ದಕ್ಕೆ ಗುರುತೇ ಇರುವುದಿಲ್ಲ.

ಅವಳು ಸುಲಭವಾಗಿ ಬಿಡಲಿಲ್ಲ. ಯಜಮಾನರಿಗೆ ಹೇಳಿಬಿಡಿ ಎಂದು ಹಿಂದೆ ಬಿದ್ದಳು. ಒಳ್ಳೆಯ ತೇಗದ ಕಿಟಕಿ, ಯಾರು ಬೇಡ ಅನ್ನುತ್ತಾರೆ, ಬೈದರೆ ಒಂದು ಗಳಿಗೆ ಬೈಸಿಕೊಂಡರಾಯಿತು ಎಂದಳು. ಬಡಗಿ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕಿಟಕಿ ಒಡೆದದ್ದನ್ನಾದರೂ ಹೇಳಬಹುದು, ಇಪ್ಪತ್ತಾರು ಸಲ ಬಾಗಿಲು ಮುಚ್ಚಿಕೊಂಡು ಅವರಿಗೆ ಟೀ ಕೊಟ್ಟದ್ದನ್ನು ಹೇಗೆ ಹೇಳುವುದು ಎಂದ. ಒಂದು ಮಧ್ಯಾಹ್ನ ತಾನೇ ಹೋಗಿ ಹೇಳಿಬರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟಳು. ಬೀದಿಯ ತುದಿಯವರೆಗೆ ಹೋಗಿ, ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಬೇಡದ ಒಂದು ತಲೆನೋವಿನ ಮಾತ್ರೆ ಕೊಂಡು ವಾಪಸು ಬಂದಳು. ಅದು ಅವನ ಬಾಯಿಂದಲೇ ಬರಬೇಕಾದ ಮಾತು. ಬೇರೆ ಯಾರು ಹೇಳಿದರೂ ಅವನು ಮತ್ತೆ ತಲೆಯೆತ್ತುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಗಾರೆ ಕೆಲಸದವನೊಬ್ಬ ಬಡಗಿಯ ಹಳೆಯ ಗೆಳೆಯ. ಬಂದು ನೋಡಿದ. ನಂಬರು ಹಾಕಿದ ಇಟ್ಟಿಗೆಗಳನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ಇಟ್ಟಿಗೆ ಎಂದರೆ ಇಟ್ಟಿಗೆ, ಏಳರ ಜಾಗದಲ್ಲಿ ಹದಿನೇಳು ಕೂತರೆ ಗೋಡೆಯೇನು ಅಳುತ್ತದೆಯೇ ಎಂದ. ಆಮೇಲೆ ಗಂಭೀರನಾಗಿ, ಮನೆ ಬಿಡುವಾಗ ಕಿಟಕಿ ಕಿತ್ತುಕೊಂಡು ಹೋಗುವವರನ್ನು ನೋಡಿದ್ದೇನೆ, ಮುಚ್ಚಿ ಹೋಗುವವರನ್ನು ಕಂಡಿಲ್ಲ ಎಂದ. ಅವಳು ಆಸೆಯಿಂದ ಗಂಡನ ಮುಖ ನೋಡಿದಳು. ಬಡಗಿ ಹಟ ಹಿಡಿದರೆ ಅವನ ತೇಗದ ತೊಲೆ ಬಗ್ಗಬೇಕೇ ಹೊರತು ಅವನು ಬಗ್ಗುವವನಲ್ಲ. ಗೆಳೆಯನಿಗೆ ಬೇರೆ ಕಡೆ ಕೆಲಸವಿತ್ತು. ಅರ್ಧ ಮೂಟೆ ಸಿಮೆಂಟು, ಗಾರೆ ಮೆತ್ತಲು ಒಂದು ಕರಣೆ, ಗೋಡೆಯ ನೇರ ನೋಡಲು ಒಂದು ತೂಗುಗುಂಡು ಬಿಟ್ಟು ಹೋದ.

ಗುರುವಾರ ಬೆಳಿಗ್ಗೆ ಬಡಗಿ ಕಿಟಕಿ ಬಿಚ್ಚಿದ. ಎಡಗೈಯಲ್ಲಿ ಸುತ್ತಿಗೆ, ಬಲ ಮೊಣಕೈಯ ಒತ್ತಾಸೆ. ಅವನೇ ಹೊಡೆದಿದ್ದ ಬೆಣೆಗಳು ಅವನಿಗೇ ಜಪ್ಪಯ್ಯ ಎನ್ನಲಿಲ್ಲ. ಚೌಕಟ್ಟು ಇಡಿಯಾಗಿ ಹೊರಬಂದಾಗ ಅದನ್ನು ಇಬ್ಬರೂ ಹಿಡಿದು ಒಳಗಿನ ಗೋಡೆಗೆ ಒರಗಿಸಿಟ್ಟರು. ಗೋಡೆಗೆ ಒರಗಿದ ಕಿಟಕಿಯೊಳಗಿಂದ ಗೋಡೆಯೇ ಕಾಣುತ್ತಿತ್ತು. ಅವಳು ಅತ್ತ ನೋಡದೆ ಸೆರಗು ಸಿಕ್ಕಿಸಿ ಗಾರೆ ಕಲಸಲು ಕೂತಳು. ಬೇಡ ಎಂದವಳೂ ಅವಳೇ, ಕಲಸಿದವಳೂ ಅವಳೇ. ಅವನ ಒಂದು ಕೈಯಲ್ಲಿ ಆ ಕೆಲಸ ಆಗುವಂತಿರಲಿಲ್ಲ, ಇಷ್ಟು ವರ್ಷದ ಸಂಸಾರದಲ್ಲಿ ಅವನು ಕೆಲಸಕ್ಕೆ ನಿಂತಾಗ ಅವಳು ಕೈ ಕಟ್ಟಿ ಕೂತದ್ದೂ ಇರಲಿಲ್ಲ.

ಅವನು ನಂಬರು ಹೇಳುವುದು, ಅವಳು ಹುಡುಕಿ ಒದ್ದೆ ಮಾಡಿ ಕೊಡುವುದು. ಮೂರು. ನಾಲ್ಕು. ಐದು. ತೂಗುಗುಂಡು ಬಿಟ್ಟು ನೋಡಿ, ಕರಣೆಯ ಹಿಡಿಯಿಂದ ತಟ್ಟಿ, ಮೀರಿದ ಗಾರೆಯನ್ನು ಕೆರೆದು ತೆಗೆಯುತ್ತಿದ್ದ. ಎಡಗೈಯಾದ್ದರಿಂದ ಒಂದೊಂದು ಇಟ್ಟಿಗೆಗೂ ಎರಡರಷ್ಟು ಹೊತ್ತು. ಮಧ್ಯಾಹ್ನದ ಹೊತ್ತಿಗೆ ಗೋಡೆ ಅವಳ ಎದೆಯ ಮಟ್ಟಕ್ಕೆ ಬಂತು. ಇಪ್ಪತ್ತಾರನೆಯ ಇಟ್ಟಿಗೆ ಎತ್ತಿಕೊಂಡು ಅವಳು ನೇರವಾದಳು. ಉಳಿದಿದ್ದ ಅರ್ಧ ಕಿಂಡಿಯ ಆಚೆ, ಮುಳ್ಳುಪೊದೆ ಸವರಿ ಬಯಲಾಗಿದ್ದ ಸೈಟಿನಲ್ಲಿ, ಊರುಗೋಲು ಹಿಡಿದು ತಕ್ಕಡಿಯವರು ನಿಂತಿದ್ದರು. ಇನ್ನೊಂದು ಕೈಯಲ್ಲಿ ಕಾಗದ. ಅವರ ಹಿಂದೆ ಗುರುತಿಲ್ಲದ ಇಬ್ಬರು ಹುಡುಗರು. ತಕ್ಕಡಿಯವರು ಅವಳನ್ನೂ ಅವಳ ಕೈಯಲ್ಲಿದ್ದ ಇಟ್ಟಿಗೆಯನ್ನೂ ನೋಡುತ್ತಿದ್ದರು.

ಬೀಗದ ಕೈ ತೆಗೆದುಕೊಳ್ಳಲು ಅವರು ಬರಬೇಕಾಗಿದ್ದದ್ದು ಭಾನುವಾರ. ಗಂಡ ಆ ಇಟ್ಟಿಗೆಗಾಗಿ ಕೈ ಚಾಚಿಯೇ ಇದ್ದ. ಅವಳು ಕೊಡದ್ದನ್ನು ಕಂಡು ತಲೆಯೆತ್ತಿ, ಅವಳ ದೃಷ್ಟಿ ಹಿಡಿದು ಹೊರಗೆ ನೋಡಿದ. ಅವನ ಮುಖದಲ್ಲಿ ರಕ್ತ ಇಳಿದುಹೋಯಿತು. ತಕ್ಕಡಿಯವರು ಸುತ್ತುಹಾಕಿ ಬೀದಿಯ ಕಡೆಗೆ ನಡೆದರು. ಊರುಗೋಲಿನ ಸದ್ದು ಗೋಡೆಯುದ್ದಕ್ಕೂ ಬಂದು, ಮೆಟ್ಟಿಲು ಹತ್ತಿ, ಖಾಲಿ ಹಜಾರ ದಾಟಿ, ಆ ಮನೆ ಬಾಡಿಗೆಗೆ ಕೊಟ್ಟ ಮೇಲೆ ಮೊದಲ ಸಲ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿತು.

ಕೂರಲು ಅಲ್ಲಿ ಏನೂ ಇರಲಿಲ್ಲ. ಅವರು ಕೂರಲೂ ಬಂದಿರಲಿಲ್ಲ. ಕೈಯಲ್ಲಿದ್ದ ಕಾಗದದ ವಿಷಯ ಹೇಳಿದರು. ಪಕ್ಕದ ಸೈಟನ್ನು ಯಾರೋ ಕೊಂಡಿದ್ದಾರೆ, ಗಡಿಗೆ ಹೊಂದಿಸಿ ಮನೆ ಕಟ್ಟುತ್ತಾರೆ. ನಿಮ್ಮ ಮನೆಯ ಕಿಟಕಿ ನಮ್ಮ ಜಾಗಕ್ಕೆ ತೆರೆಯುತ್ತದೆ, ಮುಚ್ಚಿಸಿ ಎಂದು ಆ ಜನ ಬರೆದಿದ್ದರು. ತಕ್ಕಡಿಯವರು ಉತ್ತರ ಕೊಟ್ಟಿದ್ದರು. ಆ ಗೋಡೆಯಲ್ಲಿ ನನ್ನ ಮನೆಗೆ ಕಿಟಕಿಯೇ ಇಲ್ಲ, ಮನೆ ಕಟ್ಟಿಸಿದವನು ನಾನು, ನನ್ನ ಮಾತಿಗಿಂತ ಬೇರೆ ಸಾಕ್ಷಿ ಬೇಕಾಗಿಲ್ಲ ಎಂದು ಖಡಾಖಂಡಿತವಾಗಿ ಬರೆದು ರುಜು ಹಾಕಿದ್ದರು. ಒಮ್ಮೆ ಬಂದು ಕಣ್ಣಾರೆ ನೋಡಿ ಎಂದು ಸೈಟು ಕೊಂಡವರು ಮತ್ತೆ ಬರೆದರು.

"ನಾಲಿಗೆ ಮೇಲೆ ಒಂದು ಗುಲಗಂಜಿ ತೂಕ ಸುಳ್ಳು ಇಟ್ಟುಕೊಂಡೋನಲ್ಲ ನಾನು," ಎಂದರು ತಕ್ಕಡಿಯವರು. ಅವರ ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. "ಸೈಟು ಕೊಂಡ ಆ ಹುಡುಗರ ಮುಂದೆ ನಿಂತು ನೋಡ್ದೆ. ಕಿಟಕಿ ಇತ್ತು. ಅದನ್ನ ಯಾರೋ ಮುಚ್ತಾ ಇದ್ರು. ನಾನೇ ಹೇಳಿ ಮುಚ್ಚಿಸ್ತಿದೀನಿ ಅಂದ್ಕೊಂಡ್ರು ಅವರು."

ಅವಳಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಇಷ್ಟು ದಿನ ಅವಳು ಈ ಮನುಷ್ಯನ ಸಿಟ್ಟಿಗೆ ಮಾತ್ರ ಅಂಜಿದ್ದಳು. ಸಿಟ್ಟಾದರೆ ಬೈಸಿಕೊಂಡರಾಯಿತು ಎಂದು ಧೈರ್ಯ ಹೇಳಿದವಳೂ ಅವಳೇ. ತಮ್ಮ ಮುಚ್ಚಿದ ಬಾಗಿಲು ಈ ಮುದುಕರ ಮಾತನ್ನು ಊರವರೆದುರು ಸುಳ್ಳು ಮಾಡೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಗಂಡನ ಕಡೆ ನೋಡಿದಳು. ಅವನು ಕರಣೆ ಹಿಡಿದು ನಿಂತಿದ್ದ. ಕರಣೆಯಿಂದ ಗಾರೆ ಒಂದೊಂದೇ ತೊಟ್ಟು ನೆಲಕ್ಕೆ ಬೀಳುತ್ತಿತ್ತು. ಇವನು ಈಗಲೂ ಬಾಯಿ ಬಿಡುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಇಟ್ಟಿಗೆ ಕೆಳಗಿಟ್ಟು ಕೈ ಒರೆಸಿಕೊಂಡಳು.

"ತಪ್ಪಾಯ್ತು ಸಾರ್. ಮೊದಲು ಸ್ಟೋವಿನ ಹೊಗೆ ತುಂಬ್ಕೊತಿತ್ತು. ನಿಮ್ಮ ಗೋಡೆ ಕಪ್ಪಾಗುತ್ತೆ ಅಂತ ಇವರು..."

"ಹೊಗೆಗಲ್ಲ," ಎಂದ ಬಡಗಿ.

ಅವಳು ತಿರುಗಿ ನೋಡಿದಳು.

"ಹೊಗೆಗಲ್ಲ ಸಾರ್. ಅದು ಇವಳಿಗೆ ಹೇಳಿದ್ದು." ಅವನು ಯಜಮಾನರ ಕಾಲಿನ ಹತ್ತಿರದ ನೆಲ ನೋಡುತ್ತಾ ಮಾತಾಡುತ್ತಿದ್ದ. "ಮೊದಲನೇ ಮಗು ಹೋಯ್ತಲ್ಲ, ಆಗ. ಇವಳು ಇಲ್ಲಿ ಕೂತ್ಕೊಂಡು ಅಳ್ತಿದ್ಳು. ದೀಪ ಹಾಕ್ತಿರ್ಲಿಲ್ಲ. ನಾನು ಕೆಲಸದಿಂದ ಬಂದು, ಈಗ ನೀವು ನಿಂತಿದೀರಲ್ಲ, ಅಲ್ಲಿ ನಿಂತ್ಕೊತಿದ್ದೆ. ಒಳಗೆ ಹೋಗೋಕೆ ಆಗ್ತಿರ್ಲಿಲ್ಲ. ಹೋಗಿ ಏನು ಹೇಳೋದು? ನಂಗೆ ಮಾತು ಬರಲ್ಲ. ದಿನಾ ನಿಲ್ತಿದ್ದೆ, ದಿನಾ ಸದ್ದು ಮಾಡದೆ ಆಚೆ ಹೋಗಿ, ಆಮೇಲೆ ಚಪ್ಪಲಿ ಸದ್ದು ಮಾಡ್ಕೊಂಡು ಬರ್ತಿದ್ದೆ. ಎರಡು ತಿಂಗಳು. ಬಾಗಿಲಿಂದ ಒಳಗೆ ಬರೋಕಾಗ್ಲಿಲ್ಲ. ಅದಕ್ಕೆ ಆ ಕಡೆಯಿಂದ ಹೋಗಿ ಗೋಡೆ ಒಡೆದೆ. ನಂಗೆ ಗೊತ್ತಿದ್ದ ಕೆಲಸ ಅದೊಂದೇ."

ಸ್ವಲ್ಪ ತಡೆದು, "ನಿಮಗೆ ಮೋಸ ಮಾಡ್ದೆ. ಅದೂ ನಾನೇ," ಎಂದ.

ಅವಳು ಗೋಡೆಗೆ ಒರಗಿ ನಿಂತಳು. ಚಪ್ಪಲಿಯ ಸದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಸದ್ದು ಕೇಳಿದ ತಕ್ಷಣ ಕಣ್ಣೊರೆಸಿಕೊಂಡು ಎದ್ದು ದೀಪ ಹಾಕಿ ಸ್ಟೋವು ಹಚ್ಚುತ್ತಿದ್ದಳು, ಅತ್ತದ್ದು ಅವನಿಗೆ ಗೊತ್ತಾಗದಿರಲಿ ಎಂದು. ಅವನು ಅಷ್ಟು ಜೋರಾಗಿ ಚಪ್ಪಲಿ ಎಳೆದುಕೊಂಡು ಬರುತ್ತಿದ್ದದ್ದನ್ನು ಕೇಳಿ, ಈ ಮನುಷ್ಯನಿಗೆ ಮನೆಯಲ್ಲಿ ಒಂದು ಸಾವು ಆಗಿದೆ ಎನ್ನುವುದರ ಪರಿವೆಯೇ ಇಲ್ಲ ಎಂದು ಹಲ್ಲು ಕಚ್ಚಿದ್ದಳು. ಆ ಒಂದು ವಿಷಯಕ್ಕೆ ಅವಳು ಅವನನ್ನು ಪೂರ್ತಿ ಕ್ಷಮಿಸಿರಲಿಲ್ಲ. ಮುಂದೆ ಅವನು ಎಷ್ಟೇ ಒಳ್ಳೆಯವನಾಗಿದ್ದರೂ, ಮಗಳನ್ನು ಎಷ್ಟೇ ಮುದ್ದಾಗಿ ಸಾಕಿದರೂ, ಅವಳ ಮನಸ್ಸಿನಲ್ಲಿ ಒಂದು ಮೂಲೆ ಅವನಿಗೆ ಮುಚ್ಚಿಕೊಂಡೇ ಇತ್ತು. ಅವನೋ, ಹೇಳಲು ಬಾರದ್ದನ್ನು ತೇಗದಲ್ಲಿ ಮಾಡಿ ಗೋಡೆಯಲ್ಲಿಟ್ಟು, ಹೊಗೆ ಎಂದು ಸುಳ್ಳು ಹೇಳಿ ಸುಮ್ಮನಾಗಿದ್ದ.

ತಕ್ಕಡಿಯವರು ಮೇಲಿದ್ದ ತೊಲೆಯನ್ನು ನೋಡಿದರು, ಒರಗಿಸಿಟ್ಟ ಚೌಕಟ್ಟನ್ನು ನೋಡಿದರು. ತಾವು ನಿಂತಿದ್ದ ಜಾಗದಿಂದ ಯಾಕೋ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

"ಆವತ್ತು ಕೇಳಿದ್ರೆ ಬೇಡ ಅಂತಿದ್ದೆ," ಎಂದರು ಕೊನೆಗೆ.

"ಗೊತ್ತು ಸಾರ್. ಅದಕ್ಕೇ ಕೇಳಲಿಲ್ಲ."

ಮುದುಕರು ತಲೆಯಾಡಿಸಿದರು. ಒಪ್ಪಿದ್ದಕ್ಕೋ, ಒಪ್ಪದ್ದಕ್ಕೋ ತಿಳಿಯಲಿಲ್ಲ. ಆ ಕಡೆಯವರ ಗೋಡೆ ಮುಂದಿನ ತಿಂಗಳು ಏಳುತ್ತದೆ, ಕಿಟಕಿ ಇಟ್ಟರೂ ಅದರ ಮುಂದೆ ಒಂದು ಗೇಣು ಬಿಟ್ಟು ಗೋಡೆಯೇ ಬರುವುದು, ಮುಚ್ಚಲೇಬೇಕು ಎಂದರು. ಅವಳ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಮೆಲ್ಲಗೆ ಹೇಳಿದರು. ಅವರಿಗೆ ಏನು ಬರೆಯುತ್ತೀರಿ ಎಂದು ಬಡಗಿ ಕೇಳಿದ. ಕಿಟಕಿ ಇತ್ತು, ನನಗೆ ಗೊತ್ತಿರಲಿಲ್ಲ, ನಾನು ಬರೆದದ್ದು ತಪ್ಪು ಎಂದು ಬರೆಯುತ್ತೇನೆ, ಇದ್ದದ್ದನ್ನು ಬರೆಯುವುದಕ್ಕೆ ನನಗೇನು ಕಷ್ಟ ಎಂದರು. ಕಷ್ಟವಾಗುತ್ತದೆ ಎಂದು ಅವರ ಮುಖವೇ ಹೇಳುತ್ತಿತ್ತು. ಬಡಗಿ ಕೈ ಮುಗಿಯಲು ಹೋದ. ಒಂದು ಕೈಯಲ್ಲಿ ಕರಣೆ, ಇನ್ನೊಂದು ಕೈ ಏಳದು. ಅವರು ಬೇಡ ಎನ್ನುವಂತೆ ಕೋಲು ಅಲ್ಲಾಡಿಸಿ, ಅವಳು ಕೊಡಲು ಹೋದ ನೀರನ್ನೂ ಮುಟ್ಟದೆ, ಭಾನುವಾರ ಬರುತ್ತೇನೆಂದು ಹೊರಟುಹೋದರು.

ಅವರು ಬೀದಿಗೆ ಇಳಿದ ಮೇಲೂ ಗಂಡಹೆಂಡಿರು ಹಾಗೇ ನಿಂತಿದ್ದರು. ಗಾರೆ ಗಟ್ಟಿಯಾಗತೊಡಗಿತ್ತು. ಅವಳು ಬಗ್ಗಿ ಅದಕ್ಕೆ ಒಂದು ಚೊಂಬು ನೀರು ಹುಯ್ದು ಕಲಸಿದಳು. ಇಪ್ಪತ್ತಾರು ಎಂದು ತಾನೇ ಹೇಳಿ ಇಟ್ಟಿಗೆ ಎತ್ತಿ ಕೊಟ್ಟಳು. ಅವನು ತೆಗೆದುಕೊಂಡ. ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಇಪ್ಪತ್ತೇಳು. ಇಪ್ಪತ್ತೆಂಟು. ಆಗಲೇ ಹೇಳಿದ್ದರೆ ಏನಾಗುತ್ತಿತ್ತು ಎಂದು ಅವಳು ಕೇಳಬಹುದಿತ್ತು. ನೀನು ಯಾಕೆ ನನ್ನ ಚಪ್ಪಲಿ ಸದ್ದಿಗೆ ಕಣ್ಣೊರೆಸಿಕೊಂಡು ಏಳುತ್ತಿದ್ದೆ ಎಂದು ಅವನೂ ಕೇಳಬಹುದಿತ್ತು. ಇಬ್ಬರೂ ಕಳ್ಳರೇ. ಒಬ್ಬರಿಂದ ಒಬ್ಬರು ಅಳುವನ್ನು ಕದ್ದಿಟ್ಟುಕೊಂಡಿದ್ದರು.

ಮೇಲಿನ ಸಾಲಿಗೆ ಬರುವಾಗ ಹೊರಗೆ ಇನ್ನೂ ಒಳ್ಳೆಯ ಬಿಸಿಲಿತ್ತು. ಅದರ ಒಂದು ಪಟ್ಟಿ ಕಿಂಡಿಯಿಂದ ಇಳಿದು ಎದುರು ಗೋಡೆಯ ಗೂಡಿನವರೆಗೆ ಚಾಚಿತ್ತು. ಒಂದೊಂದು ಇಟ್ಟಿಗೆ ಕೂತ ಹಾಗೆ ಪಟ್ಟಿ ಸಣ್ಣದಾಯಿತು. ಕೊನೆಯ ಇಟ್ಟಿಗೆಯನ್ನು ಕೊಡುವಾಗ ಅವಳ ಕೈ ತಡೆಯಿತು. ಅವನು ಅವಸರ ಮಾಡಲಿಲ್ಲ. ಎಡಗೈ ಚಾಚಿ ಹಾಗೇ ಕಾದ. ಅವಳು ಕಿಂಡಿಗೆ ಮುಖವಿಟ್ಟು ಒಮ್ಮೆ ಹೊರಗೆ ನೋಡಿದಳು. ಸವರಿದ ಬಯಲು, ಹಗ್ಗ ಕಟ್ಟಿ ಗುರುತು ಮಾಡಿದ ನಾಲ್ಕು ಗೂಟ, ಅಷ್ಟೇ. ಇಟ್ಟಿಗೆ ಕೊಟ್ಟಳು.

ಅಡುಗೆಮನೆ ಕತ್ತಲಾಯಿತು. ದೀಪದ ಬಲ್ಬನ್ನು ಬಡಗಿ ನಿನ್ನೆಯೇ ಬಿಚ್ಚಿ ಕಟ್ಟಿಟ್ಟಿದ್ದ. ಹಜಾರದಿಂದ ಬಾಗಿಲಿನ ಮೂಲಕ ಬರುವ ಬೆಳಕು ಹೊಸ್ತಿಲು ದಾಟಿ ಎರಡು ಮೊಳ ಬಂದು ನಿಂತಿತು. ಅವಳು ಹಸಿ ಗೋಡೆಯ ಕೆಳಗೆ ಕುಸಿದು ಕೂತಳು, ಮೊದಲು ಕೂರುತ್ತಿದ್ದ ಜಾಗದಲ್ಲೇ. ಅಳು ಬಂತು. ಕಿಟಕಿಗೆ ಅಳುತ್ತಿದ್ದೇನೆ ಎಂದುಕೊಂಡಳು, ಆದರೆ ಅದು ಕಿಟಕಿಗಾಗಿರಲಿಲ್ಲ. ಏಳು ತಿಂಗಳು ಹೊತ್ತು ಮುಖವನ್ನೂ ನೋಡಲಾಗದೆ ಹೋದ ಮಗುವಿಗೆ ಅವಳು ಪೂರ್ತಿ ಅತ್ತು ಮುಗಿಸಿರಲೇ ಇಲ್ಲ. ದಿನವೂ ಅರ್ಧಕ್ಕೆ ಎದ್ದು ಸ್ಟೋವು ಹಚ್ಚಿದ್ದಳು.

ಬಡಗಿ ಕರಣೆಯನ್ನು ನೆಲಕ್ಕಿಟ್ಟ. ಗೋಡೆಗೆ ಕೈ ಕೊಟ್ಟು, ಮೊಣಕಾಲು ಮಡಚಿ, ಕಷ್ಟಪಟ್ಟು ಅವಳ ಪಕ್ಕದಲ್ಲಿ ಕೂತ. ಅವಳು ಎದ್ದು ಕಣ್ಣೊರೆಸಿಕೊಳ್ಳಲು ನೋಡಿದಾಗ ಗಾರೆ ಮೆತ್ತಿದ ಎಡಗೈಯಿಂದ ಅವಳ ಮುಂಗೈ ಹಿಡಿದು ಕೂರಿಸಿಕೊಂಡ. ಅವಳು ಅತ್ತು ಮುಗಿಯುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.